ಮೇಲೇರುವ ದಾರಿ ತೆರೆದಿರಲಿ

ಭಯವನ್ನು ಗೆಲ್ಲಬೇಕೆಂದು ನಾವೆಲ್ಲ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಉಸಿರುಕಟ್ಟುವ ಭಯ ಎಂಥದೆಂಬುದನ್ನು ಅನುಭವಿಸಿದವರೇ ಬಲ್ಲರು. ಲಿಫ್ಟಿನ ಬಾಗಿಲು ಮುಚ್ಚಿದೊಡನೆ ಕೆಲವರಿಗೆ ಎದೆ ಬಿಗಿಯುತ್ತದೆ, ಅಂಗೈ ಬೆವರುತ್ತದೆ, ಓಡಿಹೋಗಬೇಕೆನಿಸುತ್ತದೆ. ವೈದ್ಯರು ಕ್ಲಾಸ್ಟ್ರೋಫೋಬಿಯಾ ಎಂದು ಕರೆಯುವ ಈ ಇಕ್ಕಟ್ಟಿನ ಭಯವು ಹೇಡಿತನವಲ್ಲ. ಬುದ್ಧಿವಂತರನ್ನೂ ದೃಢಕಾಯರನ್ನೂ ಅದು ಹಿಡಿಯುತ್ತದೆ. ನಮ್ಮ ಮನೆಯ ಮಗಳೊಬ್ಬಳು ಅದನ್ನು ಕಡಲಿನೊಳಗೆ ಎದುರಿಸಿದ ಬಗೆ ಓದುಗರಿಗೆ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಮ್ಮನ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಆಕೆಗೆ ಸ್ಕೂಬಾ ಡೈವಿಂಗ್, ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿನಾಳದಲ್ಲಿ ಈಜುವ ವಿದ್ಯೆ ಕಲಿಯುವ ಆಸೆ. ಮೊದಲ ಪಾಠ ಈಜುಕೊಳದಲ್ಲಿ. ಕಣ್ಣು ಮೂಗುಗಳನ್ನು ಮಾಸ್ಕ್ ಮುಚ್ಚಿತು, ಬಿಗಿಯಾದ ರಬ್ಬರ್ ಉಡುಪು ಎದೆಯನ್ನು ಒತ್ತಿತು, ಬಾಯಿಯಿಂದಲೇ ಉಸಿರಾಡಬೇಕಾಯಿತು. ಎದೆಮಟ್ಟದ ನೀರಿನಲ್ಲಿಯೇ ಆಕೆ ಮಾಸ್ಕನ್ನು ಕಿತ್ತುಹಾಕಿ ಹೊರಬಂದಳು. ಊರಿಗೆ ಬಂದಾಗ ಮನೆಯವರು, "ನಿನಗೇಕೆ ಬೇಕಿತ್ತು ಈ ಉಸಾಬರಿ?" ಎಂದು ನಕ್ಕರು. ಆಕೆ ನಗಲಿಲ್ಲ. "ನೀರಿನ ಮಾತಿರಲಿ ದೊಡ್ಡಪ್ಪಾ, ನನ್ನ ಮೇಲೆಯೇ ನನಗೆ ನಂಬಿಕೆ ಹೋಗಿದೆ. ಈಗ ಲಿಫ್ಟ್ ಹತ್ತಲೂ ಅಂಜಿಕೆಯಾಗುತ್ತದೆ" ಎಂದಳು.

ಆಗ ನಾನು ನನ್ನ ಮಠದ ದಿನಗಳ ಸಂಗತಿಯೊಂದನ್ನು ಹೇಳಿದೆ. ನಾನು ಓದುತ್ತಿದ್ದ ಮಠದಲ್ಲಿ ಧ್ಯಾನಕ್ಕೆಂದು ಒಂದು ಗವಿಯಿತ್ತು. ತಲೆ ಬಾಗಿ ಒಳಹೋಗಬೇಕಾದ ಬಾಗಿಲು, ಒಳಗೆ ಒಂದೇ ದೀಪ. 14 ವರ್ಷದ ನನಗೆ ಅಲ್ಲಿ ಕುಳಿತರೆ ಉಸಿರೇ ನಿಂತಂತಾಗುತ್ತಿತ್ತು. ಗುರುಗಳು ಗದರಲಿಲ್ಲ, ಧೈರ್ಯದ ಉಪದೇಶವನ್ನೂ ಮಾಡಲಿಲ್ಲ. "ಹೊಸ್ತಿಲಲ್ಲಿ ಕೂಡು. ಸಾಕೆನಿಸಿದಾಗ ಎದ್ದು ಬಾ. ಏಕೆ ಬಂದೆಯೆಂದು ಯಾರೂ ಕೇಳುವುದಿಲ್ಲ" ಎಂದರು. ಕೆಲವು ದಿನ ಹೊಸ್ತಿಲಲ್ಲಿ, ಅನಂತರ ಒಂದು ಮಾರು ಒಳಗೆ. ಶ್ರಾವಣ ಮುಗಿಯುವ ಹೊತ್ತಿಗೆ ದೀಪದ ಬಳಿ ಕುಳಿತು ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸುವುದು ಸಾಧ್ಯವಾಯಿತು. ಎದ್ದುಹೋಗುವ ಸ್ವಾತಂತ್ರ್ಯವೇ ನನ್ನನ್ನು ಅಲ್ಲಿ ಕೂಡಿಸಿತು.

ಇದನ್ನು ಕೇಳಿ ಆಕೆ, "ನಾನು ಕಲಿಯುತ್ತಿರುವ ವಿದ್ಯೆಯಲ್ಲಿಯೂ ಇಂಥದೇ ನಿಯಮವಿದೆ" ಎಂದಳು. ನೀರೊಳಗೆ ಹೆಬ್ಬೆರಳನ್ನು ಮೇಲಕ್ಕೆತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ಯಾರೇ ಆಗಲಿ, ಯಾವಾಗ ಬೇಕಾದರೂ ಈ ಸನ್ನೆ ಮಾಡಬಹುದು. ಜೊತೆಗಾರರು ಕಾರಣ ಕೇಳದೆ ಪಾಲಿಸಬೇಕು. ಹಾಗಾದರೆ ಮತ್ತೆ ಹೊಸ್ತಿಲಿನಿಂದಲೇ ಆರಂಭಿಸು ತಾಯಿ, ಎಂದೆ. ಆಕೆ ಈಜುಕೊಳಕ್ಕೆ ಮರಳಿದಳು. ನಿಂತಲ್ಲಿಯೇ ಮುಖವನ್ನಷ್ಟೇ ನೀರಿಗಿಟ್ಟು ಉಸಿರಾಡುವುದು, ಬಳಿಕ ಮಂಡಿಯೂರಿ ಮುಳುಗುವುದು, ಮಾಸ್ಕಿನೊಳಗೆ ಬಂದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಹೀಗೆ ಹಂತಹಂತವಾಗಿ ಕಲಿತಳು.

ಉಸಿರಿನ ವಿಷಯದಲ್ಲಿ ಆಕೆಯಿಂದ ನಾನೂ ಕಲಿತೆ. ಗಾಬರಿಯಾದಾಗ ಉಸಿರು ಗಿಡ್ಡವಾಗಿ, ವೇಗವಾಗಿ ಓಡುತ್ತದೆ. ನೀರಿನಾಳದಲ್ಲಿ ಹೀಗಾದರೆ ಇಂಗಾಲದ ಡೈಆಕ್ಸೈಡ್ ಸರಿಯಾಗಿ ಹೊರಹೋಗದೆ ಒಳಗೇ ಉಳಿಯುತ್ತದೆ; ಸಿಲಿಂಡರಿನಲ್ಲಿ ಗಾಳಿ ಧಾರಾಳವಾಗಿದ್ದರೂ ಸಾಲದೆನಿಸುತ್ತದೆ. ಅದರಿಂದ ಗಾಬರಿ ಇಮ್ಮಡಿಸುತ್ತದೆ. ಕೈಕಾಲು ಬಡಿಯದೆ ನಿಂತು, ನಿಧಾನವಾಗಿ ದೀರ್ಘವಾಗಿ ಉಸಿರು ಬಿಡುವುದೇ ಇದಕ್ಕೆ ಉಪಾಯ. ಯೋಗಾಭ್ಯಾಸಿಗಳು ಗಮನಿಸಬೇಕಾದ ಮಾತು ಇನ್ನೊಂದಿದೆ: ಪ್ರಾಣಾಯಾಮದ ಕುಂಭಕ ಇಲ್ಲಿ ಸಂಪೂರ್ಣ ನಿಷಿದ್ಧ. 10 ಮೀಟರ್ ಆಳದಲ್ಲಿ ಒತ್ತಡವು ನೀರಿನ ಮೇಲಿರುವುದರ ಎರಡರಷ್ಟು. ಅಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿಯು ಎರಡರಷ್ಟು ಹಿಗ್ಗಲು ಹವಣಿಸಿ ಶ್ವಾಸಕೋಶವನ್ನೇ ಹರಿಯಬಲ್ಲದು. ಆದ್ದರಿಂದ ಹೊರಬರುವುದಕ್ಕೂ ಕ್ರಮವುಂಟು. ಉಸಿರಾಡುತ್ತಲೇ ನಿಧಾನವಾಗಿ ಏರಬೇಕು.

ಮಳೆಗಾಲ ಕಳೆದ ಮೇಲೆ ಆಕೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಕಡಲಿನಲ್ಲಿರುವ ನೇತ್ರಾಣಿ ದ್ವೀಪಕ್ಕೆ ಹೋದಳು. ಶಿಕ್ಷಕರನ್ನು ಕೇಳಿ, ಇಷ್ಟಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಉಡುಪಿನೊಳಗೆ ಎದೆಯ ಮೇಲೆ ಧರಿಸಿದ್ದಳು. ಮೊದಲ ದಿನ 4 ಮೀಟರ್ ಇಳಿಯುವಷ್ಟರಲ್ಲಿ ಎದೆ ಬಿಗಿಯಿತು. ಹೆಬ್ಬೆರಳೆತ್ತಿದಳು. ಶಿಕ್ಷಕರು ಅದೇ ಸನ್ನೆಯನ್ನು ಮರಳಿ ತೋರಿ ಜೊತೆಯಲ್ಲಿಯೇ ಮೇಲೆ ಬಂದರು; ದೋಣಿಯಲ್ಲಿ ಕುಡಿಯಲು ನೀರು ಕೊಟ್ಟರೇ ಹೊರತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುದಿನ ಆಕೆ ಲಂಗರಿನ ಹಗ್ಗ ಹಿಡಿದು, ಅದರ ಮೇಲೆಯೇ ಕಣ್ಣಿಟ್ಟು, ಒಂದೊಂದೇ ಮೀಟರ್ ಇಳಿದಳು. ಭಯ ಮತ್ತೆ ಬಂತು. ನಿಂತಳು; ದೀರ್ಘವಾಗಿ ಉಸಿರು ಬಿಟ್ಟಳು; ಅದು ತಗ್ಗಿತು. 9 ಮೀಟರ್ ಆಳದಲ್ಲಿ ಬಂಡೆಗಳ ನಡುವೆ ಮೀನಿನ ಹಿಂಡುಗಳನ್ನು ನೋಡಿ ಬಂದಳು. ಅಂದು ಸಂಜೆ ಫೋನಿನಲ್ಲಿ ಹೇಳಿದಳು: "ಭಯ ಇತ್ತು ದೊಡ್ಡಪ್ಪಾ. ಯಾವಾಗ ಬೇಕಾದರೂ ಮೇಲೆ ಬರಬಹುದಲ್ಲ ಎಂದುಕೊಂಡೆ. ಆಮೇಲೆ ಬರಬೇಕೆನಿಸಲಿಲ್ಲ."

ಮೊದಲ ದಿನ ಮೇಲೆ ಬಂದದ್ದು ಸೋಲಲ್ಲ. ಮರುದಿನದ ಇಳಿತಕ್ಕೆ ಅದೇ ಬುನಾದಿ. ಎಲ್ಲರೂ ಕಡಲಿಗೆ ಇಳಿಯಬೇಕೆಂದು ನನ್ನ ಅಭಿಪ್ರಾಯವಲ್ಲ. ಉಬ್ಬಸ, ಹೃದಯದ ತೊಂದರೆ ಅಥವಾ ತೀವ್ರ ಗಾಬರಿಯ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಹೋಗಕೂಡದು. ಆದರೆ ಇಕ್ಕಟ್ಟಿನ ಭಯವು ಕಡಲಿಗೆ ಹೋಗದವರ ಮನೆಯಲ್ಲಿಯೂ ಇದೆ. ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಕೊಳವೆಯೊಳಗೆ ಮಲಗುವವರ ಕೈಗೆ ಒಂದು ರಬ್ಬರ್ ಗುಂಡನ್ನು ಕೊಡುತ್ತಾರೆ. ಅದನ್ನು ಹಿಸುಕಿದರೆ ಹೊರಗಿನವರಿಗೆ ಸೂಚನೆ ಹೋಗುತ್ತದೆ. ಅದು ಕೈಯಲ್ಲಿದೆಯೆಂಬ ಧೈರ್ಯದಿಂದಲೇ ಎಷ್ಟೋ ಮಂದಿ ಅದನ್ನು ಹಿಸುಕದೆ ಪರೀಕ್ಷೆ ಮುಗಿಸಿಕೊಳ್ಳುತ್ತಾರೆ.

ನಮ್ಮ ಮನೆಗಳಲ್ಲಿ ಮಕ್ಕಳೋ ವೃದ್ಧರೋ "ಅಂಜಿಕೆಯಾಗುತ್ತದೆ" ಎಂದಾಗ ನಗುವುದು ಬೇಡ, ಬಲವಂತವಾಗಿ ಒಳಗೆ ನೂಕುವುದೂ ಬೇಡ. ಬಾಗಿಲು ತೆರೆದಿದೆಯೆಂದು ಅವರಿಗೆ ಮನವರಿಕೆಯಾಗಲಿ. ಅಲ್ಲಿಯವರೆಗೆ ಹೊಸ್ತಿಲಿನಲ್ಲಿ ಅವರ ಜೊತೆಗೆ ಕುಳಿತಿರೋಣ.