ಸಬ್ಬಸಿಗೆಯ ಮಡಿ

ಹಿತ್ತಲಿನ ಸೊಪ್ಪುಗಳಲ್ಲಿ ಸಬ್ಬಸಿಗೆಯಷ್ಟು ಅಭಿಮಾನವುಳ್ಳದ್ದು ವಿರಳ. ಬದನೆಯ ಸಸಿಯನ್ನು ಕಿತ್ತು ಬೇರೆಡೆ ನೆಟ್ಟರೆ ಅದು ಎರಡು ದಿನ ಬಾಡಿ ಮತ್ತೆ ತಲೆಯೆತ್ತುತ್ತದೆ. ಸಬ್ಬಸಿಗೆಯಾದರೋ ತನ್ನ ತಾಯಿಬೇರನ್ನು ನೆಟ್ಟಗೆ ಆಳಕ್ಕಿಳಿಸಿ ನಿಲ್ಲತಕ್ಕ ಗಿಡ. ಅದನ್ನು ಕದಲಿಸಿದರೆ ಚೇತರಿಸಿಕೊಳ್ಳುವುದು ಕಷ್ಟ. ಆದುದರಿಂದ ಎಲ್ಲಿ ಬೆಳೆಯಬೇಕೋ ಅಲ್ಲಿಯೇ ಬಿತ್ತಬೇಕು.

ಮಳೆ ಹಿಂದೆಗೆದು ಚಳಿ ಕಾಲಿಡುವ ಹೊತ್ತು ಬಿತ್ತನೆಗೆ ಒಳ್ಳೆಯದು. ಬಿಸಿಲು ಬೀಳುವ, ನೀರು ನಿಲ್ಲದ ಮಡಿಯಲ್ಲಿ ಹಳೆಯ ಗೊಬ್ಬರ ಬೆರೆಸಿ, ಬೀಜವನ್ನು ತೆಳ್ಳಗೆ ಚೆಲ್ಲಿ, ಮೇಲೆ ಕಾಲಂಗುಲಕ್ಕೆ ಮೀರದಂತೆ ಪುಡಿಮಣ್ಣು ಎಳೆದರೆ ಸಾಕು. ಹತ್ತು ಹದಿನೈದು ದಿನಗಳಲ್ಲಿ ನೂಲಿನಂತಹ ಮೊಳಕೆ ಕಾಣುತ್ತದೆ. ಸುಮಾರು 40 ದಿನಗಳಿಗೆ ಸೊಪ್ಪು ಕೈಗೆ ಬರುತ್ತದೆ. ಬಿಸಿಲೇರಿದೊಡನೆ ಎಲೆಯ ಆಸೆ ಬಿಟ್ಟು ಹಳದಿಯ ಕೊಡೆಯಂತೆ ಹೂವೆತ್ತುತ್ತದೆ. ಒಮ್ಮೆಗೇ ಎಲ್ಲವನ್ನೂ ಬಿತ್ತದೆ, ಹದಿನೈದು ದಿನಕ್ಕೊಂದು ಸಾಲು ಬಿತ್ತುವವರು ಜಾಣರು.

ಲಿನೇಯಸ್ ಪಂಡಿತನು 1753ರಲ್ಲಿ ಇದಕ್ಕಿಟ್ಟ ಹೆಸರಿನ ಉತ್ತರಾರ್ಧಕ್ಕೆ 'ಕಡುವಾಸನೆಯುಳ್ಳದ್ದು' ಎಂದರ್ಥ. ಆ ವಾಸನೆಗೆ ಮೂಗು ಮುರಿಯುವ ಮಕ್ಕಳು ಎಲ್ಲ ಮನೆಗಳಲ್ಲಿಯೂ ಉಂಟು. ಅದೇ ಮಕ್ಕಳು ಬೆಳೆದು ಪರಸ್ಥಳಕ್ಕೆ ಹೋದಮೇಲೆ, ಸಬ್ಬಸಿಗೆ ಬೆರೆತ ಅಕ್ಕಿರೊಟ್ಟಿಯನ್ನು ನೆನೆದು ಕಾಗದ ಬರೆಯುವುದೂ ಉಂಟು.

ಬಾಣಂತಿಗೆ ಹಾಲು ಹೆಚ್ಚುವುದೆಂಬ ನಂಬಿಕೆಯಿಂದ ಈ ಸೊಪ್ಪನ್ನು ಕೊಡುವ ರೂಢಿ ನಮ್ಮ ನಾಡಿನಲ್ಲಿದೆ. ಹಿರಿಯ ಮಗಳ ಬಾಣಂತನಕ್ಕೆಂದು ಒಂದು ಮನೆಯಲ್ಲಿ, ಡಬ್ಬಿಯಲ್ಲಿ ಉಳಿದಿದ್ದ ಬೀಜವನ್ನೆಲ್ಲ ಬಿತ್ತಿದ್ದರು. ಮಾಘದಲ್ಲಿ ಮಡಿ ದಿನೇ ದಿನೇ ಬರಿದಾಗತೊಡಗಿತು. ಆಗ ಅತ್ತೆಯು ಹುಲುಸಾದ ನಾಲ್ಕು ಗಿಡಗಳಿಗೆ ಕೆಂಪು ನೂಲು ಕಟ್ಟಿ, ಇವಕ್ಕೆ ಕತ್ತಿ ಸೋಕಿಸಬಾರದೆಂದಳು.

"ಬಾಣಂತಿಗಿಲ್ಲದ ಸೊಪ್ಪು ಇನ್ನಾರಿಗೆ, ಅತ್ತೆ?" ಎಂದು ಸೊಸೆ ಕೇಳಿದಳು.

"ಬರುವ ವರ್ಷ ಕಿರಿಯವಳು ಬಂದರೆ ಏನು ಬಿತ್ತುತ್ತೀಯಮ್ಮ?"

ಸೊಸೆಗೆ ಅಂದು ಆ ಮಾತು ಕಠಿನವೆನಿಸಿತು. ಸಂಜೆ ಸಾರಿಗೆ ಸೊಪ್ಪು ಸಾಲಲಿಲ್ಲ. ಬೀಜವು ಅಂಗಡಿಯಲ್ಲಿ ದೊರೆಯದೆಂದಲ್ಲ. ಆದರೆ ಎಷ್ಟು ವರ್ಷದ ಬೀಜವೆಂದು ಅದನ್ನು ನೋಡಿ ಹೇಳಲಾಗದು. ಹಳತಾದಷ್ಟೂ ಮೊಳೆಯುವುದು ಕಡಮೆ. ತನ್ನ ಹಿತ್ತಲಿನ ಮಣ್ಣಿನಲ್ಲಿ ಚೆನ್ನಾಗಿ ಬಂದ ಗಿಡದ ಬೀಜವೆಂಬ ಭರವಸೆಯೂ ಅದಕ್ಕಿಲ್ಲ. ಇಂದಿನ ಎಲೆಯೆಲ್ಲವೂ ಇಂದಿನ ಹಸಿವಿಗೇ ಸಂದರೆ ಆ ತಳಿ ಆ ಮನೆಯಲ್ಲಿ ಮುಗಿದಂತೆಯೇ.

ನೂಲು ಕಟ್ಟಿದ ಗಿಡಗಳು ಬೇಸಿಗೆಯಲ್ಲಿ ಹೂವೆತ್ತಿ, ಕಾಳು ಕಟ್ಟಿ ಕಂದಿದವು. ಸೊಸೆಯೇ ಆ ಗೊಂಚಲುಗಳನ್ನು ಕೊಯ್ದು, ನೆರಳಿನಲ್ಲಿ ಒಣಗಿಸಿ, ಮೊರದಲ್ಲಿ ಉಜ್ಜಿ ಕೇರಿ, ಡಬ್ಬಿಗೆ ತುಂಬಿದಳು. ಕೊಯ್ಯುವಾಗ ಮಡಿಯಲ್ಲಿ ಉದುರಿದ ಕಾಳುಗಳಲ್ಲಿ ಕೆಲವು ಮಳೆ ಬಿದ್ದಮೇಲೆ ತಾವಾಗಿಯೇ ಮೊಳೆತವು. ಅವನ್ನು ಸಾಲಿಗೆ ತರಬೇಕೆಂದು ಅವಳು ಕೀಳಲು ಹೋಗಲಿಲ್ಲ; ಬಿದ್ದಲ್ಲಿಯೇ ಬೆಳೆಯಲು ಬಿಟ್ಟಳು.