ದುಬೈ ನಾಲ್ಕು ಗಂಟೆ, ಬಂಡೀಪುರ ಒಂದು ರಾತ್ರಿ



ಅಕ್ಕನ ಟಿಕೆಟ್ ಬುಕ್ ಮಾಡಿದವನು ನಾನೇ. ಅಜ್ಜಿಗೆ ತೀರಾ ಸೀರಿಯಸ್ ಆಗಿ, ಫಾದರ್ ಬಂದು ಅಭ್ಯಂಗ ಕೊಟ್ಟು ಹೋದ ಸಂಜೆ ಅದು. ಅಕ್ಕ ದುಬೈಯಲ್ಲಿ ನರ್ಸ್. "ಬರೋಕೆ ಎಷ್ಟು ಹೊತ್ತಾಗುತ್ತೋ?" ಎಂದು ಅಮ್ಮ ಕೇಳಿದಾಗ, "ನಾಲ್ಕೇ ಗಂಟೆ ಅಮ್ಮಾ" ಅಂದೆ.

ಸುಳ್ಳೇನೂ ಹೇಳಿರಲಿಲ್ಲ. ದುಬೈ ಮತ್ತು ಬೆಂಗಳೂರಿನ ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 2,700 ಕಿ.ಮೀ. ವಿಮಾನದ ವೇಗ ಗಂಟೆಗೆ 850 ಕಿ.ಮೀ. ಆಸುಪಾಸು. ಹಾಗಾದರೆ ಮೂರು ಗಂಟೆ ಚಿಲ್ಲರೆ ಸಾಕಲ್ಲ ಅನ್ನಬಹುದು. ಆದರೆ ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ರನ್‌ವೇ ತನಕ ತೆವಳುವ ಹೊತ್ತೂ ಟಿಕೆಟ್ಟಿನ ಸಮಯದಲ್ಲಿ ಸೇರಿರುತ್ತದೆ. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಇಲ್ಲಿಗೆ ಬರುವವರನ್ನು ಮುಂದಕ್ಕೆ ತಳ್ಳುತ್ತದೆ, ಅಲ್ಲಿಗೆ ಹೋಗುವವರನ್ನು ತಡೆಯುತ್ತದೆ. (ಬಿ.ಎಸ್ಸಿ. ಓದಿದ್ದು ಇಷ್ಟಕ್ಕಾದರೂ ಬಂತು.) ನಮ್ಮ ಗಡಿಯಾರ ದುಬೈಗಿಂತ ಒಂದೂವರೆ ಗಂಟೆ ಮುಂದೆ. ಬೆಳಿಗ್ಗೆ 10ಕ್ಕೆ ಹೊರಟ ಅಕ್ಕ ಬೆಂಗಳೂರಲ್ಲಿ ಇಳಿದದ್ದು ಮಧ್ಯಾಹ್ನ 3.30ಕ್ಕೆ. ಇದೆಲ್ಲ ಲೆಕ್ಕ ಹಾಕಿದ್ದೆ.

ಸರಿಯಾಗಿ ಹಾಕದೆ ಬಿಟ್ಟದ್ದು ಮನೆಯ ದಾರಿ. ನಿಲ್ದಾಣ ಇರುವುದು ಊರಿನ ಉತ್ತರಕ್ಕೆ, ದೇವನಹಳ್ಳಿ ಕಡೆ. ನಾವಿರುವುದು ನೈಋತ್ಯಕ್ಕೆ. ಇಡೀ ಬೆಂಗಳೂರು ದಾಟಿ, ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು ಆಗಿ ಮಸಿನಗುಡಿಗೆ ಸುಮಾರು 270 ಕಿ.ಮೀ. ರಾತ್ರಿ 8.30ಕ್ಕೆಲ್ಲ ಬಂಡೀಪುರದ ಗೇಟು ದಾಟಬಹುದು ಎಂದು ಮೊಬೈಲ್ ನೋಡಿ ಹೇಳಿದ್ದೆ. ನೋಡಿದ್ದು ನಡುರಾತ್ರಿಯಲ್ಲಿ, ರಸ್ತೆ ಖಾಲಿ ಇದ್ದಾಗ! ಲಗೇಜು, ಸಂಜೆಯ ಟ್ರಾಫಿಕ್ ಎಲ್ಲ ಮುಗಿಸಿ ಅಕ್ಕನ ಟ್ಯಾಕ್ಸಿ ಗೇಟಿಗೆ ಬಂದಾಗ 9.40.

ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಬಂದ್ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. 2009ರಿಂದ ಹೀಗೇ ಇದೆ. ಆಂಬುಲೆನ್ಸ್, ಗೊತ್ತುಪಡಿಸಿದ ಕೆಲವು ಬಸ್ಸು ಬಿಟ್ಟರೆ ಬೇರೆ ಗಾಡಿಗೆ ಬಿಡುವುದಿಲ್ಲ. ಗೇಟಿನ ಮೇಲೆ ನನಗೆ ಸಿಟ್ಟಿಲ್ಲ. ಆನೆ, ಜಿಂಕೆಗಳು ರಸ್ತೆ ದಾಟುವ ಹೊತ್ತು ಅದು. ಅವುಗಳ ಜೊತೆಯಲ್ಲೇ ಬೆಳೆದವರು ನಾವು.

ಅಕ್ಕ ಗುಂಡ್ಲುಪೇಟೆಗೆ ಹಿಂದಿರುಗಿ ಟ್ಯಾಕ್ಸಿಯಲ್ಲೇ ಕೂತಳು. ನಾವು ಜಪಸರ ಹೇಳುವಾಗ ಫೋನನ್ನು ಅಜ್ಜಿಯ ಕಿವಿಯ ಹತ್ತಿರ ಇಟ್ಟಿದ್ದೆವು. ಅಕ್ಕನ ದನಿಗೆ ಅಜ್ಜಿ ಒಮ್ಮೆ ಕಣ್ಣು ಬಿಟ್ಟರು. ಬೆಳಗಿನ ಜಾವ 4.20ಕ್ಕೆ ತೀರಿಕೊಂಡರು.

ಅಕ್ಕ ಮನೆ ಮುಟ್ಟಿದ್ದು 7.30ಕ್ಕೆ. 2,700 ಕಿ.ಮೀ.ಗೆ ನಾಲ್ಕು ಗಂಟೆ, 270 ಕಿ.ಮೀ.ಗೆ ಹದಿನಾರು. ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಶಾರ್ಜಾದಿಂದ ಕೊಯಮತ್ತೂರಿಗೂ ವಿಮಾನ ಇದೆಯಲ್ಲೋ" ಅಂದಳು ಅಷ್ಟೇ.

ನಮ್ಮ ಯುವಕೂಟದಿಂದ ಗಲ್ಫಿಗೆ ಹೋದವರು ಈಗ ರಜೆಗೆ ಬರುವಾಗ ನನಗೆ ಟಿಕೆಟ್ ಕಳಿಸಿ ಕೇಳುತ್ತಾರೆ. ಬೆಂಗಳೂರಿಗಾದರೆ ಮಧ್ಯಾಹ್ನ 12ರ ಒಳಗೆ ಇಳಿಯಬೇಕು ಅನ್ನುತ್ತೇನೆ. ಹೋದ ವಾರ ಒಬ್ಬ ತಮ್ಮ 2.15ಕ್ಕೆ ಇಳಿಯುವ ಟಿಕೆಟ್ ಕಳಿಸಿದ್ದ, ಸಾವಿರದೈನೂರು ರೂಪಾಯಿ ಕಮ್ಮಿ ಅಂತ. ಬೇಡ, ಬದಲಾಯಿಸು ಅಂದೆ.