ಮೊಮ್ಮಗಳ ಗೇರ್ ಸೈಕಲ್ಲು

ವಸ್ತುವನ್ನು ಕೊಳ್ಳುವುದು ಸುಲಭ. ಅದನ್ನು ಬಲ್ಲವರಾಗುವುದು ಕಷ್ಟ. ಹಣ ತೆತ್ತ ಮಾತ್ರಕ್ಕೆ ಯಂತ್ರವು ನಮಗೆ ವಶವಾಗುವುದಿಲ್ಲ. ಬಸವನಗುಡಿಯ ಹಿರಿಯರೊಬ್ಬರು ಈ ಪಾಠವನ್ನು ಎಂಟು ವರ್ಷದ ಮೊಮ್ಮಗಳ ಸೈಕಲ್ಲಿನಿಂದ ಕಲಿಯಬೇಕಾಯಿತು.

ಅವರು ಅಂಚೆ ಇಲಾಖೆಯಿಂದ ನಿವೃತ್ತರಾದವರು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಕಾಗದದ ಚೀಲ ಹೊತ್ತು, ಕಪ್ಪು ಸೈಕಲ್ಲಿನ ಮೇಲೆ ಮೂವತ್ತು ವರ್ಷ ಸುತ್ತಿದವರು. ಬಾಲ್ಯದಲ್ಲಿ ಗಂಟೆಯ ಬಾಡಿಗೆಗೆ ದೊಡ್ಡವರ ಸೈಕಲ್ಲು ತಂದು, ಬಾರಿನ ಕೆಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು ಕಲಿತವರು. ಆದುದರಿಂದ ಮಗನು 24 ಇಂಚಿನ ಚಕ್ರಗಳ ಮೌಂಟನ್ ಬೈಕನ್ನು ಮನೆಗೆ ತಂದು, "ಇನ್ನು ಮೂರು ವರ್ಷ ಯೋಚನೆಯಿಲ್ಲ ಅಪ್ಪಾ, ಬೆಳೆಯುವ ಮಗು" ಎಂದಾಗ ಅವರೂ ತಲೆದೂಗಿದರು.

ಅಂದು ಸಂಜೆಯೇ ಬ್ಯೂಗಲ್ ರಾಕ್ ಸಮೀಪದ ಇಳಿಜಾರಿನಲ್ಲಿ ಮಗು ಬಿದ್ದಿತು. ಸೀಟನ್ನು ಪೂರ್ತಿ ಇಳಿಸಿದ್ದರೂ ಕಾಲು ನೆಲಕ್ಕೆ ನಿಲುಕಲಿಲ್ಲ. ಪುಟ್ಟ ಬೆರಳುಗಳು ಬ್ರೇಕಿನ ಹಿಡಿಯನ್ನು ಮುಟ್ಟಲಿಲ್ಲ. ಮೊಣಕೈ ತರಚಿತು. ಗಾಯ ನಾಲ್ಕು ದಿನದಲ್ಲಿ ಮಾಯಿತು. ಆದರೆ "ತಾತ, ನನಗೆ ಸೈಕಲ್ಲೇ ಬೇಡ" ಎಂಬ ಮಾತು ಮಾಯಲಿಲ್ಲ. ಒಮ್ಮೆ ಒಳಹೊಕ್ಕ ಅಂಜಿಕೆಯು ಜೀವಮಾನವಿಡೀ ನಿಲ್ಲಬಹುದೆಂಬ ಅರಿವು ಹಿರಿಯರ ನಿದ್ದೆಗೆಡಿಸಿತು.

ಮರುದಿನ ಅವರು ಸೈಕಲ್ಲನ್ನು ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದರು. ಅಲ್ಲಿನ ತರುಣ ಒಮ್ಮೆ ನೋಡಿ, "ಯಜಮಾನರೇ, ಇದನ್ನು ನೀವು ಈ ಮಗುವಿಗೆ ತಂದಿಲ್ಲ; ಮೂರು ವರ್ಷದ ಮೇಲೆ ಬರುವ ಮಗುವಿಗೆ ತಂದಿದ್ದೀರಿ" ಎಂದನು. ಆ ಮಾತು ನಾಟಿತು. ಮಗನನ್ನು ಒಪ್ಪಿಸಿ, ಅಂಗಡಿಯವರಿಗೆ ಹೇಳಿ, 20 ಇಂಚಿನದಕ್ಕೆ ಬದಲಾಯಿಸಿದ್ದಾಯಿತು.

ಹೊಸ ಸೈಕಲ್ಲಿಗೆ ಪೆಡಲುಗಳನ್ನು ಇನ್ನೂ ಜೋಡಿಸಿರಲಿಲ್ಲ. ಮೂವತ್ತು ವರ್ಷದ ಅನುಭವದ ಹೆಮ್ಮೆಯಿಂದ ಹಿರಿಯರೇ ಸ್ಪ್ಯಾನರ್ ಹಿಡಿದು, ಎಡಪೆಡಲನ್ನು ಬಲಕ್ಕೆ ತಿರುಗಿಸತೊಡಗಿದರು. ತರುಣನು ಕೈ ಹಿಡಿದು ತಡೆದನು. ಎಡಪೆಡಲಿನ ಮರೆ ವಿಲೋಮವಾದುದು. ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಬಲವಂತ ಮಾಡಿದ್ದರೆ ಮರೆಯೇ ಸವೆದು, ಓಡುವಾಗ ಪೆಡಲು ಕಳಚಿ ಬೀಳುತ್ತಿತ್ತು. ಸೈಕಲ್ಲನ್ನು ಓಡಿಸಬಲ್ಲೆವೆಂಬುದು ಬೇರೆ, ಅದನ್ನು ಬಲ್ಲೆವೆಂಬುದು ಬೇರೆ ಎಂದು ಅವರಿಗೆ ಅಂದು ಹೊಳೆಯಿತು. ಅಲ್ಲಿಂದ ಮುಂದೆ ತಾತ, ಮೊಮ್ಮಗಳು ಇಬ್ಬರೂ ಶಿಷ್ಯರಾದರು.

ಈ ಬಗೆಯ ಸೈಕಲ್ಲು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಟಾಮಲ್ಪಾಯಿಸ್ ಬೆಟ್ಟದ ಮಣ್ಣುಹಾದಿಗಳಲ್ಲಿ ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳಲ್ಲಿ ಇಳಿಯುತ್ತಿದ್ದರು. ಆ ಕೆಲಸಕ್ಕೆಂದೇ 1977ರಲ್ಲಿ ಜೋ ಬ್ರೀಜ್ ಹೊಸ ಚೌಕಟ್ಟುಗಳನ್ನು ನಿರ್ಮಿಸಿದನು. ಮಣ್ಣನ್ನು ಕಚ್ಚಿ ಹಿಡಿಯುವ ಉಬ್ಬುಗಳ ಟೈರು, ನೇರವಾದ ಹ್ಯಾಂಡಲ್, ಏರಿಗಾಗಿ ಹಲವು ಗೇರುಗಳು ಇದರ ಲಕ್ಷಣ. ಡಾಂಬರು ರಸ್ತೆಯಲ್ಲಿ ಆ ಉಬ್ಬುಗಳು ಗುಂಯ್‌ಗುಟ್ಟುತ್ತ ಕೊಂಚ ಹೆಚ್ಚು ಶ್ರಮ ಕೇಳುತ್ತವೆ. ಗಾಳಿ ಕಡಿಮೆಯಾದರೆ ಇನ್ನೂ ಹೆಚ್ಚು. ತಕ್ಕ ಒತ್ತಡವನ್ನು ಟೈರಿನ ಪಕ್ಕದಲ್ಲೇ ಅಚ್ಚುಮಾಡಿರುತ್ತಾರೆ.

ಮೊದಲು ಸೀಟು. ಕಲಿಯುವ ದಿನಗಳಲ್ಲಿ ಎರಡು ಪಾದಗಳೂ ನೆಲಕ್ಕೆ ಊರಬೇಕು. ಹಿಡಿತ ಬಂದಂತೆ ಸ್ವಲ್ಪಸ್ವಲ್ಪವೇ ಏರಿಸಿ, ಪೆಡಲು ತಳದಲ್ಲಿರುವಾಗ ಮೊಣಕಾಲು ತುಸು ಮಾತ್ರ ಮಡಿಚಿರುವಷ್ಟಕ್ಕೆ ತರಬೇಕು. ಆದರೆ ಸೀಟಿನ ಕಂಬದ ಮೇಲಿನ ಎಲ್ಲೆಗೆರೆ ಹೊರಗೆ ಕಾಣಬಾರದು. ಅನಂತರ ಬ್ರೇಕು. ಹಿಡಿಯ ಬಳಿಯ ಸಣ್ಣ ಸ್ಕ್ರೂವನ್ನು ತಿರುಗಿಸಿದಾಗ ಹಿಡಿಯು ಮಗುವಿನ ಬೆರಳಿನ ಬಳಿಗೆ ಬಂದಿತು. ಬ್ರೇಕಿನ ರಬ್ಬರು ರಿಮ್ಮನ್ನು ಮುಟ್ಟಬೇಕೇ ಹೊರತು ಟೈರನ್ನಲ್ಲ. ಹೊಸ ತಂತಿ ಕೆಲವು ದಿನಗಳಲ್ಲಿ ಸಡಿಲವಾಗುವುದರಿಂದ ಮತ್ತೆ ಬಿಗಿಯಬೇಕು. ಮುಂದಿನ ಬ್ರೇಕೊಂದನ್ನೇ ಜಗ್ಗಿದರೆ ಸವಾರನು ಮುಗ್ಗರಿಸುವ ಅಪಾಯವುಂಟು. ಎರಡನ್ನೂ ಮೆಲ್ಲನೆ ಒಟ್ಟಿಗೆ ಒತ್ತುವುದೇ ಕ್ರಮ. ಇನ್ನು ಗೇರು. ಹಿಂದಿನ ದೊಡ್ಡ ಹಲ್ಲುಚಕ್ರ ಏರಿಗೆ, ಚಿಕ್ಕದು ಸಮನೆಲದ ವೇಗಕ್ಕೆ. ಪೆಡಲು ತಿರುಗುತ್ತಿರುವಾಗ, ಕಾಲಿನ ಭಾರ ತಗ್ಗಿಸಿ ಬದಲಾಯಿಸಬೇಕು.

ಇದನ್ನೆಲ್ಲ ಮಗು ತನ್ನ ಕೈಯಿಂದಲೇ ಮುಟ್ಟಿ, ತಿರುಗಿಸಿ ನೋಡಿತು. ಚೈನಿನ ಎಣ್ಣೆ ಲಂಗಕ್ಕೆ ಬಳಿಯಿತು, ಯಾರೂ ಗದರಲಿಲ್ಲ. ಹೇಗೆ ನಿಲ್ಲಿಸುವುದೆಂದು ತಿಳಿದ ಮೇಲೆ ಓಡಿಸುವ ಅಂಜಿಕೆ ತಾನೇ ಸಡಿಲವಾಯಿತು. ಎರಡು ವಾರದ ಬಳಿಕ, ಒಂದು ಭಾನುವಾರದ ಬೆಳಗ್ಗೆ, ಅವಳೇ ತಾತನನ್ನು ಅದೇ ಇಳಿಜಾರಿಗೆ ಕರೆದೊಯ್ದಳು. ತಾತ ಕೆಳಗೆ ನಿಂತರು. ಮಗು ಇಳಿದುಬಂದು, ಎರಡು ಬ್ರೇಕನ್ನೂ ಒತ್ತಿ, ಅವರಿಂದ ಮಾರು ದೂರದಲ್ಲಿ ಕಾಲೂರಿ ನಿಂತಿತು. "ತಾತ, ನೀವು ಪಕ್ಕಕ್ಕೆ ಸರಿಯಬೇಕಿರಲಿಲ್ಲ" ಎಂದಿತು.

ನಾಳಿನ ಮಗುವನ್ನು ನೆನೆದು ಇಂದಿನ ಮಗುವಿಗೆ ಅಳತೆ ಮೀರಿದ್ದನ್ನು ಹೊರಿಸುವುದು ಹಿರಿಯರ ಪ್ರೀತಿಯಲ್ಲೇ ಅಡಗಿರುವ ದೋಷ. ಸೈಕಲ್ಲಿಗೆ ಹೇಗೋ ಪಾಠಕ್ಕೂ ಹಾಗೆಯೇ. ಮೊದಲು ಕಾಲು ನೆಲಕ್ಕೆ ನಿಲುಕಲಿ. ಸೀಟನ್ನು ಏರಿಸಲು ಮುಂದೆ ಕಾಲವಿದ್ದೇ ಇದೆ.